ಕೆಳಗಿನ ಎರಡು ಡ್ರಾಯರು

ನಲವತ್ತೊಂದು ವರ್ಷ ನನ್ನ ಕೈಯ ಮೀನು ಸಾರು ಉಂಡ ಗಂಡಸು, ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಬಟ್ಟಲಿನ ಎದುರು ಕುಳಿತು, "ನಳಿನಾ, ಇನ್ನು ನನಗೆ ಅನ್ನ ಸಾರು ಬೇಡ. ಎರಡು ಚಪಾತಿ ಮಾಡು, ಸಾಕು" ಎಂದರು. ಕಾರ್ಕಳದವರು! ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದವರು! ಜ್ವರ ಬಂದು ಮಲಗಿದಾಗಲೂ ಬಂಗುಡೆ ಮೀನಿನ ಸಾರಿನ ವಾಸನೆ ಬಂದರೆ ಎದ್ದು ಕೂರುತ್ತಿದ್ದವರು! ನನಗೆ ಮೈಯೆಲ್ಲ ಉರಿಯಿತು.

"ಎಂತ? ನನ್ನ ಸಾರಿಗೆ ಎಂತ ಆಗಿದೆ?"

"ಎಂತ ಆಗ್ಲಿಲ್ಲ ಮಾರಾಯ್ತಿ. ವಯಸ್ಸಾಯ್ತಲ್ಲ, ಚಪಾತಿ ಒಳ್ಳೆದಂತೆ."

"ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರೆ."

ಕೆನಡದ ಬ್ರ್ಯಾಂಪ್ಟನ್ನಿನ ನಮ್ಮ ಬೀದಿಯಲ್ಲಿ ಎಲ್ಲರೂ ಎಂದರೆ ಪಂಜಾಬಿಗಳು. ಪಕ್ಕದ ಮನೆಯ ಆಂಟಿಯೇ ಇವರ ತಲೆಗೆ ಚಪಾತಿ ತುಂಬಿದ್ದು ಎಂದು ತೀರ್ಮಾನಿಸಿ ಎರಡು ವಾರ ಅವರ ಮುಖ ನೋಡಲಿಲ್ಲ ನಾನು. ಪಾಪ, ಆ ಹೆಂಗಸಿಗೆ ತಾನು ಮಾಡಿದ ತಪ್ಪು ಯಾವುದೆಂದು ಇವತ್ತಿಗೂ ಗೊತ್ತಿಲ್ಲ.

ನನ್ನ ಹೆಸರು ನಳಿನಾಕ್ಷಿ. ಊರಿನಲ್ಲಿ ಪ್ರಾಥಮಿಕ ಶಾಲೆಯ ಕನ್ನಡ ಟೀಚರಾಗಿದ್ದೆ. ಇವರು ಚೆನ್ನಪ್ಪ, ಮರದ ಕೆಲಸದವರು. ನಾವಿಬ್ಬರೂ ಜಗಳವಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ಇಳಿಸಿ ಬರೆಯುತ್ತಿರುವುದರಿಂದ ಖಾರ ಸ್ವಲ್ಪ ಕಡಿಮೆಯಾಗಿದೆ ಎಂದು ತಿಳಿಯಬೇಕು. ಇಪ್ಪತ್ತೇಳು ವರ್ಷದ ಹಿಂದೆ ಕೆನಡಕ್ಕೆ ಬರುವಾಗ ಎಲ್ಲರೂ ಸೂಟ್‌ಕೇಸಿನಲ್ಲಿ ಹಪ್ಪಳ ಉಪ್ಪಿನಕಾಯಿ ತುಂಬಿದರೆ, ಇವರು ತಮ್ಮ ಗುರುಗಳು ಕೊಟ್ಟ ಉಳಿ ಗರಗಸಗಳನ್ನು ನನ್ನ ಸೀರೆಗಳ ನಡುವೆ ಸುತ್ತಿ ತಂದರು. ಬೋಲ್ಟನ್ನಿನ ಒಂದು ಕಾರ್ಖಾನೆಯಲ್ಲಿ ಜನರ ಅಡುಗೆಮನೆಗಳಿಗೆ ಕ್ಯಾಬಿನೆಟ್ ಮಾಡಿ ರಿಟೈರ್ ಆದರು. ಆಮೇಲೆ ನಮ್ಮ ಬೇಸ್‌ಮೆಂಟೇ ಕಾರ್ಖಾನೆಯಾಯಿತು. ಯಾರದೋ ಅಜ್ಜಿಯ ಕುರ್ಚಿ, ಯಾರದೋ ಮುತ್ತಜ್ಜನ ಪೆಟ್ಟಿಗೆ, ಹೀಗೆ ಹಳೆಯ ಸಾಮಾನು ರಿಪೇರಿ ಮಾಡಿಕೊಂಡು ಇದ್ದರು. ಕೆಳಗಿನಿಂದ ಗರಗಸದ ಸದ್ದು ಕೇಳುತ್ತಿದ್ದರೆ ಮೇಲೆ ನನಗೆ ಒಗ್ಗರಣೆ ಹಾಕಲು ಹುಮ್ಮಸ್ಸು.

ಸಾರು ಬಿಟ್ಟ ಮೇಲೆ ಇವರಲ್ಲಿ ಇನ್ನೊಂದು ಹೊಸ ಚಾಳಿ ಕಾಣಿಸಿಕೊಂಡಿತು. ನಾಲ್ಕು ಜನರ ನಡುವೆ ನಿಂತರೆ ಬಲಗೈ ಜಾಕೆಟ್ಟಿನ ಕಿಸೆಯೊಳಗೆ. ತೆಗೆಯುವುದೇ ಇಲ್ಲ. "ಎಂತ ಗತ್ತು! ಜಿಲ್ಲಾಧಿಕಾರಿ ಬಂದ ಹಾಗೆ ಕಾಣ್ತದೆ" ಎಂದು ನಾನು ಗೇಲಿ ಮಾಡಿದರೆ ಸುಮ್ಮನೆ ನಗುತ್ತಿದ್ದರು.

ಅಷ್ಟರಲ್ಲಿ ನಮ್ಮ ಕನ್ನಡ ಬಳಗದ ಚುನಾವಣೆ ಬಂತು. ಬಳಗದಲ್ಲಿ ಇರುವವರು ಇನ್ನೂರು ಮನೆ, ಗುಂಪು ಎರಡು. ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತೋ ಪಲಾವೋ ಎಂಬಲ್ಲಿಂದ ಶುರುವಾದ ಜಗಳ ಮುಖ ಮುಖ ನೋಡದ ಮಟ್ಟಕ್ಕೆ ಹೋಗಿತ್ತು. ಹಾಲಿ ಅಧ್ಯಕ್ಷ ಕೃಷ್ಣಮೂರ್ತಿ, ಬೆಂಗಳೂರು ಬಸವನಗುಡಿಯವರು, ಒಂದು ಭಾನುವಾರ ನಮ್ಮ ಮನೆಗೆ ಬಂದು ಸೋಫಾದಲ್ಲಿ ಬೇರು ಬಿಟ್ಟರು.

"ಚೆನ್ನಪ್ಪನವ್ರೇ, ಎರಡೂ ಗುಂಪು ಒಪ್ಪೋ ಮುಖ ಅಂದ್ರೆ ನಿಮ್ದೊಂದೇ. ಒಂದು ದಿನಾನೂ ಯಾರ ವಿರುದ್ಧಾನೂ ಮಾತಾಡಿಲ್ಲ ನೀವು."

"ಯಾರ ಪರವಾಗಿಯೂ ಮಾತಾಡ್ಲಿಲ್ಲ ಇವರು" ಎಂದೆ ನಾನು, ಕಾಫಿ ಇಡುತ್ತಾ. "ಮನೆಯಲ್ಲೇ ಮಾತಾಡುದಿಲ್ಲ. ನಿಮ್ಮ ಮೈಕ್ ಹಿಡಿದು ಎಂತ ಮಾತಾಡ್ತಾರೆ?"

"ಅದೇ ಬೇಕಾಗಿರೋದು ಮೇಡಂ! ಇಪ್ಪತ್ತು ವರ್ಷ ಜನಕ್ಕೆ ಕ್ಯಾಬಿನೆಟ್ ಮಾಡ್ಕೊಟ್ಟೋರಿಗೆ ನಮ್ದೊಂದು ಕ್ಯಾಬಿನೆಟ್ ಮಾಡೋದು ಕಷ್ಟಾನಾ?" ಎಂದು ತಮ್ಮ ಜೋಕಿಗೆ ತಾವೇ ಹೊಟ್ಟೆ ಹಿಡಿದು ನಕ್ಕರು.

ಇವರು ಖಂಡಿತ ಆಗುವುದಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಇವರು, "ಆಯ್ತು, ನಿಲ್ತೇನೆ" ಎಂದುಬಿಟ್ಟರು. ಕೃಷ್ಣಮೂರ್ತಿ ಹೋಗುವವರೆಗೂ ಇವರ ಲೋಟದ ಕಾಫಿ ಮುಟ್ಟದೆ ಆರಿಹೋಗಿತ್ತು. ಅದನ್ನು ನಾನು ನೋಡಿದ್ದೆ. ನೋಡಿಯೂ ನನಗೆ ಹೊಳೆಯಲಿಲ್ಲ.

"ನಿಮ್ಗೆ ಮಂಡೆ ಸಮ ಉಂಟಾ?" ಎಂದು ಕೇಳಿದೆ, ಬಾಗಿಲು ಹಾಕಿದ ಕೂಡಲೇ.

"ನಾಲ್ಕು ಜನಕ್ಕೆ ಉಪಕಾರ ಆಗುದಾದ್ರೆ ಆಗ್ಲಿ. ಅಧ್ಯಕ್ಷ ಆದ್ಮೇಲೆ ಮರದ ಕೆಲಸಕ್ಕೆ ಪುರುಸೊತ್ತು ಸಿಗುದಿಲ್ಲ. ಸಾಮಾನೆಲ್ಲ ಮಾರಿಬಿಡ್ತೇನೆ. ಬೋಲ್ಟನ್ನಿನವರೊಬ್ಬರು ಬರುವ ಶನಿವಾರ ತಕೊಂಡು ಹೋಗ್ತಾರೆ."

ಗುರುಗಳ ಉಳಿ ಕೂಡ ಮಾರುತ್ತೀರಾ ಎಂದು ಕೇಳಿದೆ. ಎಲ್ಲವೂ, ಎಂದರು. ಒಂದು ಪುಟಗೋಸಿ ಬಳಗದ ಖುರ್ಚಿಗಾಗಿ ಐವತ್ತು ವರ್ಷದ ಕೈಕಸುಬು ಬಿಡುವವರಿದ್ದಾರೆಯೇ? ಗಂಡಸರಿಗೆ ಎಪ್ಪತ್ತರಲ್ಲಿ ಬುದ್ಧಿ ಕೆಡುತ್ತದೆ ಎಂದು ನನ್ನ ಅಮ್ಮ ಹೇಳುತ್ತಿದ್ದುದು ಸುಳ್ಳಲ್ಲ ಅನಿಸಿತು.

ಆ ವಾರವೇ ನಮ್ಮ ಮಗಳು ಅಶ್ವಿತಾ ಫೋನ್ ಮಾಡಿದಳು. ಅವಳು ಓಕ್‌ವಿಲ್ಲಿನಲ್ಲಿ ನರ್ಸ್. ಅವಳು ಆರೈಕೆ ಮಾಡುವ ಡೊರೊಥಿ ಪೆಲ್ಟನ್ ಎಂಬ ಎಂಬತ್ತನಾಲ್ಕರ ಮುದುಕಿಗೆ ಮನೆ ಖಾಲಿ ಮಾಡಿ ವೃದ್ಧಾಶ್ರಮಕ್ಕೆ ಹೋಗಬೇಕಾಗಿದೆ. ಅಲ್ಲಿಯ ಕೋಣೆಯಲ್ಲಿ ಒಂದೇ ಒಂದು ದೊಡ್ಡ ಸಾಮಾನಿಗೆ ಜಾಗ. ಮುತ್ತಜ್ಜನ ಅಪ್ಪನ ಕಾಲದ ಬರೆಯುವ ಮೇಜೊಂದಿದೆ, ಪಪ್ಪ ಒಮ್ಮೆ ನೋಡಬೇಕಂತೆ, ಎಂದಳು. "Just look at it, Amma, please" ಎಂದು ಇಂಗ್ಲಿಷಿನಲ್ಲಿ ಗೋಗರೆದಳು.

ಇವರು ಒಪ್ಪಿದರು. ಒಪ್ಪಿ, "ನೀನೂ ಬಾ ನಳಿನಾ. ಅಳತೆ ಗಿಳತೆ ಬರಕೊಳ್ಲಿಕ್ಕೆ ಜನ ಬೇಕು" ಎಂದರು. ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನನ್ನು ಕೆಲಸಕ್ಕೆ ಕರೆದವರಲ್ಲ. ಅಂತೂ ಟೀಚರ ಅಕ್ಷರದ ಬೆಲೆ ಗೊತ್ತಾಯಿತಲ್ಲ ಎಂದು ಉಬ್ಬಿಹೋಗಿ, ಒಳ್ಳೆಯ ಸೀರೆ ಉಟ್ಟು, ಹೊಸ ನೋಟ್‌ಪುಸ್ತಕ ಹಿಡಿದು ಹೊರಟೆ ನಾನು, ದಡ್ಡಿ.

ಡೊರೊಥಿಯ ಮನೆ ಕೆರೆಯ ಹತ್ತಿರ. ಕೆರೆ ಎಂದರೆ ನಮ್ಮ ಕಡಲಿನಷ್ಟು ದೊಡ್ಡದು, ಉಪ್ಪಿಲ್ಲ ಅಷ್ಟೆ. ಸಣ್ಣ ಮೈಯ, ದೊಡ್ಡ ಸ್ವರದ ಹೆಂಗಸು. ಮನೆ ತುಂಬ ರಟ್ಟಿನ ಡಬ್ಬಗಳು, ನಡುವೆ ಆ ಮೇಜು. ಕಡು ಕಂದು ಬಣ್ಣದ ಮರ, ಇಳಿಜಾರಾಗಿ ತೆರೆಯುವ ಮುಚ್ಚಳ, ಕೆಳಗೆ ಒಂದರ ಕೆಳಗೊಂದು ನಾಲ್ಕು ಡ್ರಾಯರು.

"ಇದನ್ನು ಮಾಡಿದವರು ನನ್ನ ಮುತ್ತಜ್ಜನ ಅಪ್ಪ, ಆಮೋಸ್ ಪೆಲ್ಟನ್" ಎಂದರು ಡೊರೊಥಿ. "ನಮ್ಮ ಮನೆಯಲ್ಲಿ ಎಲ್ಲರೂ ಹಾಗೆಯೇ ನಂಬಿದ್ದೆವು. ಈಗ ಹರಾಜಿನವನು ಬಂದು ಅಲ್ಲ ಎನ್ನುತ್ತಿದ್ದಾನೆ. ಅವರದಾದರೆ ನನ್ನ ಜೊತೆ ಬರುತ್ತದೆ. ಅಲ್ಲವಾದರೆ ನನಗೆ ಕಾಲು ಚಾಚುವ ಕುರ್ಚಿ ಸಾಕು. ನೀವು ನಿಜ ಹೇಳಬೇಕು, ನನ್ನ ಮನಸ್ಸು ನೋಯುತ್ತದೆ ಎಂದು ಸುಳ್ಳು ಹೇಳಬಾರದು."

ಇವರು ನೆಲದ ಮೇಲೆ ಮಲಗಿ ಟಾರ್ಚ್ ಹಾಕಿ ಮೇಜಿನ ಹೊಟ್ಟೆ ನೋಡತೊಡಗಿದರು. ನನಗೆ ಡೊರೊಥಿ ಒಂದು ಹಳೆಯ ಕಿರುಪುಸ್ತಕ ಕೊಟ್ಟರು. ಅವರ ಅಜ್ಜಿ ಅಚ್ಚು ಹಾಕಿಸಿದ ಆಮೋಸನ ಜೀವನಚರಿತ್ರೆ. ಇವರಿಗೂ ಕೇಳಲಿ ಎಂದು ನಾನು ಗಟ್ಟಿಯಾಗಿ ಓದಿ ಓದಿ ತುಳುವಿನಲ್ಲಿ ಹೇಳಿದೆ.

ಆಮೋಸ್ ಹುಟ್ಟಿದ್ದು ಸಾವಿರದ ಎಂಟುನೂರ ಹನ್ನೆರಡರಲ್ಲಿ. ಒಂಬತ್ತನೆಯ ವಯಸ್ಸಿನಲ್ಲಿ ಅಪ್ಪ ಸತ್ತು, ಹನ್ನೊಂದರಲ್ಲಿ ಕುರ್ಚಿ ಮಾಡುವವನೊಬ್ಬನ ಅಂಗಡಿ ಸೇರಿದ. ಮೊದಲ ಎರಡು ವರ್ಷ ಮರದ ಹೊಟ್ಟು ಗುಡಿಸಿದ್ದೇ ವಿದ್ಯೆ. ಇಪ್ಪತ್ತೊಂದರಲ್ಲಿ ಉಳಿ ಪೆಟ್ಟಿಗೆ ಹೆಗಲಿಗೇರಿಸಿ ನಡೆದುಕೊಂಡೇ ಅಮೆರಿಕದ ಒಹಾಯೋ ಸೀಮೆಯ ಒಂದು ಸಣ್ಣ ಊರಿಗೆ ಬಂದ. ಬಂದ ವರ್ಷವೇ ಕಾಲರಾ. ಕುರ್ಚಿ ಮಾಡಲು ಬಂದವನು ಊರಿನವರಿಗೆಲ್ಲ ಶವಪೆಟ್ಟಿಗೆ ಮಾಡಿದ. ಬಡವರಿಂದ ಏನೂ ತೆಗೆದುಕೊಳ್ಳಲಿಲ್ಲ. ಕಾಲರಾ ಹೋದ ಮೇಲೆ ಅದೇ ಮನೆಗಳಿಗೆ ತೊಟ್ಟಿಲು ಮಾಡಿದ. ಇಪ್ಪತ್ತು ವರ್ಷ ಕಳೆದು ಅವನು ರಾಜ್ಯದ ಶಾಸನಸಭೆಗೆ ನಿಂತಾಗ, ಮತ ಹಾಕಿದವರಲ್ಲಿ ಅರ್ಧ ಜನ ಅವನ ತೊಟ್ಟಿಲಿನಲ್ಲಿ ಮಲಗಿದವರೇ ಆಗಿದ್ದರಂತೆ.

"ಅಷ್ಟು ಸಣ್ಣವರಿಗೆ ವೋಟು ಉಂಟಾ?" ಎಂದರು ಮೇಜಿನ ಅಡಿಯಿಂದ ಇವರು.

"ಪುಸ್ತಕ ಬರೆದವರ ಲೆಕ್ಕ ಅದು, ನನ್ನದಲ್ಲ. ನೀವು ಕೆಲಸ ನೋಡಿ."

ನಾಲ್ಕು ವರ್ಷ ಶಾಸಕನಾಗಿದ್ದ ಆಮೋಸ್ ಸಭೆಯಲ್ಲಿ ಬಾಯಿ ತೆರೆದದ್ದು ಎರಡೇ ಸಲ. ಒಮ್ಮೆ ಊರಿನ ಸೇತುವೆಗಾಗಿ. ಇನ್ನೊಮ್ಮೆ, ಶಾಲೆಯ ಬೆಂಚುಗಳಿಗೆ ಬೆನ್ನಾಸರೆ ಇರಲೇಬೇಕು, ಮಕ್ಕಳ ಬೆನ್ನು ನೋಯುತ್ತದೆ ಎಂದು. ಅದನ್ನು ಓದಿ ಟೀಚರಾದ ನನಗೆ ಆ ಮನುಷ್ಯನ ಮೇಲೆ ಪ್ರೀತಿಯೇ ಬಂತು. ಕೊನೆಯ ಪುಟದಲ್ಲಿ ಹೀಗೆ ಬರೆದಿತ್ತು: 'ಜನಸೇವೆಯ ಕರೆಗೆ ಓಗೊಟ್ಟು ನಲವತ್ತೊಂದನೆಯ ವಯಸ್ಸಿನಲ್ಲಿ ಉಳಿಯನ್ನು ಕೆಳಗಿಟ್ಟವರು ಮತ್ತೆಂದೂ ಅದನ್ನು ಎತ್ತಲಿಲ್ಲ.' ಪಕ್ಕದಲ್ಲಿ ಅವನ ಫೋಟೋ. ಗಡ್ಡ, ಗಂಭೀರ ಮುಖ, ಬಲಗೈ ಕೋಟಿನೊಳಗೆ.

"ನೋಡಿ ಮಾರಾಯ್ರೆ, ನಿಮ್ಮದೇ ಗತ್ತು!" ಎಂದು ಪುಸ್ತಕ ತಗ್ಗಿಸಿ ತೋರಿಸಿದೆ.

ಇವರು ನಗಲಿಲ್ಲ. ಎದ್ದು ಕುಳಿತು ಆ ಫೋಟೋವನ್ನು ಬಹಳ ಹೊತ್ತು ನೋಡಿದರು.

ಹರಾಜಿನವನ ವಾದವನ್ನು ಡೊರೊಥಿ ವಿವರಿಸಿದರು. ಡ್ರಾಯರುಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಇಸವಿ ಬರೆದಿದೆ. ಮೇಲಿನ ಎರಡರಲ್ಲಿ ೧೮೫೨. ಕೆಳಗಿನ ಎರಡರಲ್ಲಿ ೧೮೫೯. ಮೇಲಿನವುಗಳ ಮೂಲೆ ಜೋಡಣೆ ಕೂದಲು ಹೋಗದಷ್ಟು ಬಿಗಿ. ಕೆಳಗಿನವು ಸೊಟ್ಟ, ಸಂದುಗಳಲ್ಲಿ ಮೇಣ ತುಂಬಿದೆ. ಆಮೋಸ್ ೧೮೫೩ರಲ್ಲೇ ಕೆಲಸ ಬಿಟ್ಟವನು. ಹಾಗಾಗಿ ಇದು ಅವನ ಅಂಗಡಿಯಲ್ಲಿ ಅರ್ಧ ಉಳಿದದ್ದು, ಯಾರೋ ಕಲಿಯುವವನು ಹೇಗೋ ಮುಗಿಸಿದ್ದಾನೆ, ಎಂದು ಹರಾಜಿನವನ ತೀರ್ಪು. "ಹೆಂಡತಿ ಮಾರ್ಥಾಗೆಂದು ಮಾಡಿದ್ದಂತೆ" ಎಂದರು ಡೊರೊಥಿ. "ಏಳು ವರ್ಷ ಆಕೆಯ ಮೇಜಿನಲ್ಲಿ ಎರಡು ಡ್ರಾಯರಿನ ಜಾಗ ಖಾಲಿ ಇತ್ತಲ್ಲ ಹಾಗಾದರೆ. ಅಂಥವರು ಅಲ್ಲ ಆಮೋಸ್ ಎಂದು ನಾನು ಅಂದುಕೊಂಡಿದ್ದೆ."

ಇವರು ಮೇಲಿನ ಒಂದು ಡ್ರಾಯರು, ಕೆಳಗಿನ ಒಂದು ಡ್ರಾಯರು ಎಳೆದು ಪಕ್ಕಪಕ್ಕ ಇಟ್ಟರು. ಎಡಗೈ ಬೆರಳಿನಿಂದ ಮೂಲೆಗಳನ್ನು ಸವರಿದರು.

"ಮೇಡಂ, ಗೆರೆ ನೋಡಿ" ಎಂದರು ಇಂಗ್ಲಿಷಿನಲ್ಲಿ, ನಿಧಾನಕ್ಕೆ. "ಕೊಯ್ಯುವ ಮೊದಲು ಚೂಪು ಮೊಳೆಯಿಂದ ಎಳೆಯುವ ಗೆರೆ ಇದು. ಮೂಲೆಗೆ ಬಂದು ನಿಲ್ಲಬೇಕು. ಇವನದು ಒಂದು ಅಕ್ಕಿಕಾಳಿನಷ್ಟು ಮುಂದೆ ಹೋಗಿದೆ. ಮೇಲಿನ ಡ್ರಾಯರಿನಲ್ಲೂ ಹಾಗೇ, ಕೆಳಗಿನದರಲ್ಲೂ ಹಾಗೇ. ಎಂಟೂ ಮೂಲೆಯಲ್ಲಿ ಅಷ್ಟೇ ಉದ್ದ. ಇದು ಕಲಿಸಿ ಬರುವುದಲ್ಲ. ಒಬ್ಬನ ಕೈಯ ಅಭ್ಯಾಸ."

"ಮತ್ತೆ ಸೊಟ್ಟ ಯಾಕೆ?"

"ಇಲ್ಲಿ ನೋಡಿ, ಎರಡು ಸಣ್ಣ ತೂತು. ಕೆಳಗಿನ ಡ್ರಾಯರಿನ ಪ್ರತಿ ಮೂಲೆಯಲ್ಲೂ ಉಂಟು. ಮೇಲಿನದರಲ್ಲಿ ಇಲ್ಲ. ಇಲ್ಲಿ ಒಂದು ಮರದ ಪಟ್ಟಿ ಹೊಡೆದು, ಅದಕ್ಕೆ ಗರಗಸ ಒರಗಿಸಿ ಕೊಯ್ದಿದ್ದಾನೆ. ಕಲಿಯುವವನಿಗೆ ಡ್ರಾಯರಿಗೆ ಮೊಳೆ ಹೊಡೆಯಲು ಯಾವ ಗುರುವೂ ಬಿಡುವುದಿಲ್ಲ. ಇದು ಕೈ ನಡುಗುವವನ ಕೆಲಸ. ಗರಗಸದ ಮೊದಲ ಎಳೆತವೇ ಅವನಿಗೆ ಕಷ್ಟ. ಒಮ್ಮೆ ದಾರಿ ಬಿದ್ದರೆ ಆಮೇಲೆ ಗರಗಸವೇ ನಡೆಯುತ್ತದೆ. ಅವನು ಜನಸೇವೆಗೆ ಅಂತ ಕೆಲಸ ಬಿಟ್ಟದ್ದಲ್ಲ ಮೇಡಂ. ಕೈ ಬಿಟ್ಟುಹೋಯಿತು, ಅದಕ್ಕೆ ಹೋದ. ಆದರೆ ಕೆಲಸಕ್ಕೆ ಮರಳಿ ಬಂದಿದ್ದಾನೆ. ಕೈ ನಡುಗಿದರೂ ಅಭ್ಯಾಸ ನಡುಗುವುದಿಲ್ಲ."

ನೋಟ್‌ಪುಸ್ತಕದ ಮೇಲೆ ನನ್ನ ಪೆನ್ನು ನಿಂತುಬಿಟ್ಟಿತು. ಮರದ ಪಟ್ಟಿ. ಗರಗಸ ಒರಗಿಸುವ ಪಟ್ಟಿ. ಅಂಥದ್ದೇ ಒಂದನ್ನು ಬೇಸ್‌ಮೆಂಟಿನಲ್ಲಿ ಗುಡಿಸುವಾಗ ನೋಡಿ ಇದೆಂತದು ಎಂದು ಕೇಳಿದ್ದೆ. ಅಂಟು ಒಣಗಿಸಲಿಕ್ಕೆ ಎಂದಿದ್ದರು.

"ಇದೆಲ್ಲ ನಿಮಗೆ ಹೇಗೆ ಗೊತ್ತು?" ಎಂದು ಕೇಳಿದರು ಡೊರೊಥಿ.

ಇವರು ಬಲಗೈಯನ್ನು ಕಿಸೆಯಿಂದ ತೆಗೆದು ಮೇಜಿನ ಮೇಲೆ ಇಟ್ಟರು. ಮೇಜಿನಲ್ಲೇ ಉಳಿದಿದ್ದ ಡ್ರಾಯರುಗಳ ಹಿತ್ತಾಳೆ ಹಿಡಿಗಳು ಕಟಕಟ ಎನ್ನತೊಡಗಿದವು. ಆ ಸದ್ದು ನಿಲ್ಲಲೇ ಇಲ್ಲ. ಇವರು ನನ್ನ ಮುಖ ನೋಡಲಿಲ್ಲ.

ಅಯ್ಯೋ ದೇವರೇ. ಅನ್ನ ಸಾರು ಬೇಡ. ಕಾಫಿ ಬೇಡ. ಅಳತೆ ಬರೆಯಲು ಜನ ಬೇಕು. ಅಧ್ಯಕ್ಷಗಿರಿ. ಉಳಿ ಮಾರಾಟ. ಎಲ್ಲ ಒಟ್ಟಿಗೆ ನನ್ನ ತಲೆಯ ಮೇಲೆ ಬಿದ್ದಿತು. ಬೆರಳ ಸಂದಿನಿಂದ ಸಾರು ಸೋರುತ್ತದೆ ಎಂದು ಚಪಾತಿ ಕೇಳಿದ ಮನುಷ್ಯನಿಗೆ ನಾನು ಆರು ತಿಂಗಳು ಮುಖ ಊದಿಸಿಕೊಂಡು ಚಪಾತಿ ಬಡಿಸಿದ್ದೆ!

ಡೊರೊಥಿ ತಮ್ಮ ಸುಕ್ಕು ಕೈಯಿಂದ ಕೆಳಗಿನ ಡ್ರಾಯರನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. "ಮಾರ್ಥಾಗಾಗಿ ಮರಳಿ ಬಂದರಲ್ಲ" ಎಂದರು. ಆಮೇಲೆ, ಈ ಸಂದುಗಳನ್ನು ಸರಿ ಮಾಡಬೇಕೇ ಎಂದು ಕೇಳಿದರು.

"ಮುಟ್ಟಬಾರದು" ಎಂದರು ಇವರು. "ಮೇಲಿನ ಎರಡು ಯಾರಾದರೂ ಮಾಡಿಯಾರು. ಈ ಎರಡು ಇವನೊಬ್ಬನೇ ಮಾಡಿದ್ದು."

ಹೊರಗೆ ಬಂದ ಮೇಲೆ ನಾನು ಕೈ ಚಾಚಿದೆ. "ವ್ಯಾನಿನ ಕೀ ಕೊಡಿ."

"ನಾನೇ ವ್ಯಾನ್ ಬಿಡ್ತೇನೆ."

"ಕೀ ಕೊಡಿ ಅಂದೆ."

ಕೊಟ್ಟರು. ಹೈವೇ ಹತ್ತುವ ತನಕ ಸುಮ್ಮನಿದ್ದೆ. ಹತ್ತಿದ ಮೇಲೆ ನನ್ನ ಬಾಯಿ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. "ನಾನು ಯಾರು ನಿಮ್ಗೆ? ಬಾಡಿಗೆ ಮನೆಯವಳಾ? ಆ ಮುದುಕಿಗೆ ತೋರಿಸಿದಿರಿ, ನನಗೆ ತೋರಿಸ್ಲಿಕ್ಕೆ ಎಂತ ಕಷ್ಟ? ನಿಮ್ಮ ಕೈ ಹಿಡಿದು ಬಂದವಳು ಮಾರಾಯ್ರೆ ನಾನು! ಆ ಕೈಯ ಸುದ್ದಿ ನನಗೇ ಗೊತ್ತಿಲ್ಲ!" ಎಂದು ಬೈಯುತ್ತಾ ಬೈಯುತ್ತಾ ಅತ್ತುಬಿಟ್ಟೆ. ಎದುರಿನ ಟ್ರಕ್ಕು ಎರಡಾಗಿ ಕಂಡಿತು.

"ಅಳ್ಬೇಡ, ರಸ್ತೆ ನೋಡು" ಎಂದರು. ಆಮೇಲೆ ತುಂಬ ಮೆಲ್ಲಗೆ, "ನಿನಗೆ ಹೇಳಿದ್ರೆ ಡಾಕ್ಟ್ರ ಹತ್ತಿರ ಕರ್ಕೊಂಡು ಹೋಗ್ತಿ. ಅವರು ಅದಕ್ಕೊಂದು ಹೆಸರು ಇಡ್ತಾರೆ. ಹೆಸರು ಇಟ್ಟ ಮೇಲೆ ಅದು ನಮ್ಮ ಮನೆದೇ ಆಗ್ತದೆ. ಅಧ್ಯಕ್ಷ ಆದೆ, ಪುರುಸೊತ್ತಿಲ್ಲ, ಅದಕ್ಕೆ ಕೆಲಸ ಬಿಟ್ಟೆ ಅಂತ ಹೇಳಿದ್ರೆ ಮರ್ಯಾದೆಯಾಗಿ ಇರ್ತದೆ ಅಂತ ಕಂಡಿತು."

"ಸೋಮವಾರ ಡಾಕ್ಟ್ರ ಹತ್ತಿರ ಹೋಗುವ. ಎಂತ ಹೆಸರು ಇಡ್ತಾರೋ ಇಡ್ಲಿ. ಹೆಸರು ಕರೆದು ಕರೆದು ಬೈಲಿಕ್ಕೆ ನನಗೂ ಸುಲಭ."

ಇವರು ನಕ್ಕರು. ಆ ನಗುವಿನ ನಡುವೆಯೇ ಫೋನ್ ಬಂತು, ಕೃಷ್ಣಮೂರ್ತಿಯದು. ವ್ಯಾನಿನ ಸ್ಪೀಕರಿನಲ್ಲಿ ಅವರ ಸ್ವರ ಗುಡುಗಿತು. "ಚೆನ್ನಪ್ಪನವ್ರೇ, ನಾಳೆ ನಾಮಿನೇಷನ್! ಭಾಷಣ ರೆಡೀನಾ?"

"ನಾನು ನಿಲ್ಲುದಿಲ್ಲ ಮಾರಾಯ್ರೆ" ಎಂದರು ಇವರು. "ನನಗೆ ಕೈ ನಡುಗ್ತದೆ. ಅದನ್ನು ಅಡಗಿಸ್ಲಿಕ್ಕೆ ಒಂದು ಖುರ್ಚಿ ಬೇಕಿತ್ತು. ಈಗ ಬೇಡ."

ಆ ಮನುಷ್ಯ ಸ್ವರ ತಗ್ಗಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಸಾರ್, ಅಧ್ಯಕ್ಷರಿಗೆ ಕೈ ಯಾಕ್ ಸಾರ್, ಬಾಯಿದ್ರೆ ಸಾಕು" ಎಂದರು. ಅಷ್ಟು ಮೃದುವಾಗಿ ಹೇಳಿದರು, ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

"ಬಾಯಿ ಮೊದಲೇ ಇಲ್ಲ" ಎಂದು ಇವರು ಫೋನ್ ಇಟ್ಟರು. ಆಮೇಲೆ ಬೋಲ್ಟನ್ನಿನವರಿಗೆ ತಾವೇ ಫೋನ್ ಮಾಡಿ, ಶನಿವಾರ ಬರುವುದು ಬೇಡ, ಸಾಮಾನು ಮಾರುವುದಿಲ್ಲ ಎಂದರು.

ಮನೆಗೆ ಬಂದಾಗ ಗಂಟೆ ಎರಡು. ಫ್ರೀಜರಿನಲ್ಲಿದ್ದ ಬಂಗುಡೆ ತೆಗೆದೆ, ಮೆಣಸು ಕಡೆದೆ, ಕುಕ್ಕರಿನಲ್ಲಿ ಕುಚ್ಚಲಕ್ಕಿ ಇಟ್ಟೆ. ಇವರು ಮೇಜಿನ ಎದುರು ಕುಳಿತು ನನ್ನನ್ನೇ ನೋಡುತ್ತಿದ್ದರು. ಬಟ್ಟಲಿಗೆ ಅನ್ನ ಹಾಕಿ ಮೇಲೆ ಧಾರಾಳ ಸಾರು ಬಡಿಸಿದೆ.

"ಚೆಲ್ತದೆ ನಳಿನಾ."

"ಚೆಲ್ಲಲಿ."

ಅವರ ಪಕ್ಕ ಕುರ್ಚಿ ಎಳೆದು ಕುಳಿತೆ. ಅವರು ಕಲಸಿದರು. ಕೈ ಎತ್ತಿದಾಗ ಅದು ನಡುಗಿತು, ಅನ್ನ ಬಟ್ಟಲಿಗೆ ಉದುರಿತು. ನಾನು ನನ್ನ ಎಡಗೈಯನ್ನು ಅವರ ಮಣಿಕಟ್ಟಿಗೆ ಒರಗಿಸಿ ಹಿಡಿದೆ, ಗಟ್ಟಿಯಾಗಿ ಅಲ್ಲ, ಆಚೀಚೆ ಹೋಗದಷ್ಟು. ಕೈ ನಿಂತ ಹಾಗಾಯಿತು. ತುತ್ತು ಬಾಯಿಗೆ ಹೋಯಿತು. ಸಾರು ನನ್ನ ಬೆರಳುಗಳ ಮೇಲೆ ಇಳಿದು ಬಳೆಯವರೆಗೆ ಹರಿಯಿತು.

ಅವರು ಕಣ್ಣು ಮುಚ್ಚಿ ನಿಧಾನಕ್ಕೆ ಜಗಿದರು.

"ಉಪ್ಪು ಕಡಿಮೆ" ಎಂದರು.

ಆರು ತಿಂಗಳಿಂದ ನನ್ನ ಅಡುಗೆಯಲ್ಲಿ ಒಂದು ತಪ್ಪನ್ನೂ ಹೇಳದೆ ಎದ್ದು ಹೋಗುತ್ತಿದ್ದವರು.

"ಕಡಿಮೆಯಾದ್ರೆ ಹಾಕಿಕೊಳ್ಳಿ, ಡಬ್ಬ ಅಲ್ಲೇ ಉಂಟಲ್ಲ" ಎಂದೆ. ಎದ್ದು ಕೊಡೋಣವೆಂದರೆ ಅವರ ಮಣಿಕಟ್ಟು ಬಿಡಬೇಕಾಗುತ್ತಿತ್ತು. ಬಿಡಲಿಲ್ಲ.